ಅತ್ತೆ ತೊಳೆದ ಬಾಣಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹುನಗುಂದದ ಶಾಲೆಯಲ್ಲಿ ನನ್ನ ಕೈಕೆಳಗೆ ಕಲಿತ ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ. ನನ್ನಂಥವರು ಏನೇ ಕೊಂಡರೂ ಒಂದು ಅನುಕೂಲ ನೋಡಿಕೊಳ್ಳಬೇಕು. ಸಾಮಾನು ಕೆಟ್ಟರೆ ಎದುರು ನಿಂತು ಬೈಯಲು ಒಂದು ಮುಖ ಇರಬೇಕು. ಹೊರದೇಶದಿಂದ ಬಾಣ ತರಿಸುವಾಗ ಈ ಬುದ್ಧಿ ನನಗೆ ಹೊಳೆಯಲಿಲ್ಲ.

ಬಾಣ ಬೇಕಾಗಿದ್ದು ನನ್ನ ಮಗಳಿಗೆ. ಪಿಯುಸಿ ಓದುತ್ತಿದ್ದಳು. ರಜೆಯ ದಿನ ಬಸ್ಸು ಹತ್ತಿ ಬಾಗಲಕೋಟೆಗೆ ಹೋಗಿ ಬಿಲ್ಲುಗಾರಿಕೆ ಕಲಿಯುತ್ತಿದ್ದಳು, ಉಳಿದ ದಿನ ನಮ್ಮ ಹೊಲದಲ್ಲಿ ಹುಲ್ಲಿನ ಪೆಂಡಿಗೆ ಗುರಿ ಹಿಡಿಯುತ್ತಿದ್ದಳು. ಆ ವರ್ಷ ಅವಳ ತೋಳಿಗೆ ಬಲ ಬಂತೆಂದು ಗುರುಗಳು ಬಿಲ್ಲಿನ ಬಿಗಿ ಹೆಚ್ಚಿಸಿದರು. ಬಿಲ್ಲು ಬಿಗಿಯಾದರೆ ಬಾಣವೂ ಗಟ್ಟಿಯಾಗಬೇಕಂತೆ, ಮೆತ್ತನೆಯದು ಹಾರುವಾಗ ಬಳುಕಿ ಗುರಿ ತಪ್ಪುತ್ತದಂತೆ. ಹಳೆಯ ಬಾಣಗಳನ್ನು ತನಗಿಂತ ಚಿಕ್ಕ ಹುಡುಗಿಯೊಬ್ಬಳಿಗೆ ಕೊಟ್ಟುಬಂದಳು. ಜಿಲ್ಲಾ ತಂಡದ ಆಯ್ಕೆ ದಸರೆಯ ಮರುದಿನ ಇತ್ತು. ಅವಳ ವಯಸ್ಸಿನ ಗುಂಪಿಗೆ ಅದೇ ಕಡೆಯ ವರ್ಷ, ತಪ್ಪಿದರೆ ತಪ್ಪಿತು.

ಬಾಗಲಕೋಟೆಯಲ್ಲಿ ನಾವು ಬಿಲ್ಲು ಕೊಂಡ ಅಂಗಡಿ ಒಂದಿದೆ. ಕೇರಂ ಬೋರ್ಡು, ಬಹುಮಾನದ ಕಪ್ಪುಗಳು, ಹಗ್ಗ, ಚೆಂಡು, ಇವುಗಳ ನಡುವೆ ಬಿಲ್ಲು ಬಾಣಕ್ಕೆ ಒಂದೇ ಒಂದು ಗಾಜಿನ ಕಪಾಟು. ಅಂಗಡಿಯವರನ್ನು ಊರೆಲ್ಲ ಕಾಕಾ ಎನ್ನುತ್ತದೆ, ನಾವೂ ಹಾಗೇ ಅನ್ನುತ್ತೇವೆ. ನಾನು ಎಷ್ಟು ಚೌಕಾಶಿ ಮಾಡಿದರೂ ಚಹಾ ಕುಡಿಸದೆ ಕಳಿಸಿದವರಲ್ಲ. ಬೇಕಾದ ಬಾಣ ಕಪಾಟಿನಲ್ಲಿ ಇರಲಿಲ್ಲ. ತರಿಸಿ ಕೊಡುತ್ತೇನೆ, ಆದರೆ ದಸರೆಯೊಳಗೆ ಬಂದೀತೆಂದು ಮಾತು ಕೊಡಲಾರೆ ಎಂದರು. ನನ್ನ ಗಂಡ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಅಳೆಯುವ ಮನುಷ್ಯ. ಅಷ್ಟರಲ್ಲಾಗಲೇ ಫೋನಿನಲ್ಲಿ ಹೊರದೇಶದ ಅಂಗಡಿಯೊಂದನ್ನು ಹುಡುಕಿ ಅದರ ಬಾಣದ ಚಿತ್ರಗಳನ್ನು ದಿನಕ್ಕೆ ಹತ್ತು ಸಲ ನೋಡುತ್ತಿದ್ದರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ.

ಕಾಕಾ ನಮ್ಮ ಮುಖ ನೋಡಿಯೇ ಅರ್ಥ ಮಾಡಿಕೊಂಡರು.

“ಹೊರಗಿಂದ ತರಸ್ತೀರೇನ್ರಿ? ತರಸ್ರಿ, ತಪ್ಪೇನಿಲ್ಲ. ನನ್ನ ಹಂತೇಕ ಇಲ್ಲದ್ದು ಅಲ್ಲಿ ಸಿಗತೈತಿ. ಆದ್ರ ಟೀಚರ್ರ, ನಾ ಕೊಟ್ಟದ್ದು ಕೆಟ್ರ ನೀವು ಇಲ್ಲಿ ಬಂದು ನನ್ನ ಬೈಬೌದು. ಅವ್ರನ್ನ ಎಲ್ಲಿ ಹೋಗಿ ಬೈತೀರಿ?”

ಹಾಗಂದವರೇ ಹುಡುಗಿಯನ್ನು ನಿಲ್ಲಿಸಿ, ಕೈ ಚಾಚಿಸಿ, ಬಾಣ ಎಷ್ಟು ಉದ್ದ ಬೇಕು, ಎಷ್ಟು ಗಟ್ಟಿ ಇರಬೇಕು ಎಂದು ನನ್ನ ಗಂಡನಿಗೆ ಬಿಡಿಸಿ ಹೇಳಿದರು. ಬುದ್ಧಿ ಇಲ್ಲಿಂದ, ಖರೀದಿ ಅಲ್ಲಿಂದ. ನನಗೆ ಹೇಗೋ ಆಗಿ, ಬೇಡವಾಗಿದ್ದರೂ ಒಂದು ಸ್ಕಿಪ್ಪಿಂಗ್ ಹಗ್ಗ ಕೊಂಡುಬಂದೆ. ಈಗಲೂ ಅದರ ಮೇಲೆ ಬಟ್ಟೆ ಒಣಗಿಸುತ್ತೇವೆ.

ಹೊರದೇಶದ ಪಾರ್ಸಲ್ಲು ವಿಮಾನ ಇಳಿದು ಸುಂಕದವರ ಹತ್ತಿರ ಬಂದು ಕೂತಿತು. ಕೂತದ್ದು ಏಳಲೇ ಇಲ್ಲ. ನಾನು ಆ ಹೊರದೇಶದ ಅಂಗಡಿಗೆ ಸಂದೇಶ ಕಳಿಸಿದಾಗಲೆಲ್ಲ ನಿಮ್ಮ ತಾಳ್ಮೆಗೆ ಧನ್ಯವಾದ ಎಂದು ಉತ್ತರ ಬರುತ್ತಿತ್ತು. ನನಗೆ ತಾಳ್ಮೆ ಇದೆಯೆಂದು ಅವರಿಗೆ ಯಾರು ಹೇಳಿದರೋ ಏನೋ.

ಅಂತೂ ದಸರೆಯ ವಾರದಲ್ಲಿ ಬಂತು. ಸಣ್ಣಗೆ, ಕರ್ರಗೆ, ಹಿಂದೆ ಹಳದಿ ಗರಿ ಹಚ್ಚಿದ ಬಾಣಗಳು. ಹುಡುಗಿ ಅವತ್ತೇ ಹೊಲಕ್ಕೆ ಓಡಿದಳು. ಸಂಜೆ ಮನೆಗೆ ಬಂದಾಗ ಮುಖ ಹೂವಿನ ಹಾಗೆ ಅರಳಿತ್ತು.

“ಅವ್ವಾ, ಇವು ಹೇಳಿದಂಗ ಕೇಳ್ತಾವ.”

“ಮನಿಯಾಗ ಹೇಳಿದ್ದು ಕೇಳೂದು ಏನರ ಒಂದು ಬಂತಲ್ಲ, ಸಾಕು ಬಿಡು,” ಎಂದೆ.

ಮನೆಯಲ್ಲಿ ನನ್ನ ಅತ್ತೆ ಇದ್ದಾರೆ, ಮಗಳಿಗೆ ಆಯಿ. ಖಂಡೇನವಮಿಯ ಪೂಜೆ ನಮ್ಮಲ್ಲಿ ಅತ್ತೆಯದೇ ಕಾರಭಾರ. ದುಡಿದು ತಿನ್ನುವವರ ಮನೆಯ ಸಾಮಾನೆಲ್ಲ ಅವತ್ತು ದೇವರು. ಕುಡಗೋಲು, ಈಳಿಗೆ, ನನ್ನ ಹೊಲಿಗೆ ಯಂತ್ರ, ಗಂಡನ ಅಳತೆ ಟೇಪು, ಎಲ್ಲವೂ ತೊಳೆದು, ವಿಭೂತಿ ಕುಂಕುಮ ಹಚ್ಚಿಕೊಂಡು, ಚೆಂಡುಹೂ ಏರಿಸಿಕೊಂಡು ಕೂಡುತ್ತವೆ. ಮರುದಿನ ಸಂಜೆ ಬನ್ನಿ ಮುಡಿಯುವ ತನಕ ಅವನ್ನು ಎತ್ತುವ ಹಾಗಿಲ್ಲ, ಎತ್ತಿದರೆ ಪಾಪ. ಒಂದು ವರ್ಷ ನನ್ನ ಗಂಡ ಅವಸರಕ್ಕೆಂದು ಟೇಪಿಗೆ ಕೈ ಹಾಕಿದ್ದಕ್ಕೆ ಅವರ ಕೈ ಮೇಲೆ ಅತ್ತೆಯ ಏಟು ಬಿದ್ದಿತ್ತು. ಗಡ್ಡ ಬೆಳ್ಳಗಾದ ಮಗನಿಗೆ ಏಟು.

ಖಂಡೆ ಎಂದರೆ ಆಯುಧ, ಮೊಮ್ಮಗಳ ಬಾಣವೂ ಖಂಡೆ ತಾನೆ? ಖರೇ ಹೇಳಬೇಕೆಂದರೆ ಆ ಮನೆಯಲ್ಲಿ ಅದೊಂದೇ ನಿಜವಾದ ಖಂಡೆ. ನವಮಿಯ ಮುಂಜಾನೆ ಹುಡುಗಿ ಹೂ ತರಲು ಹೋದಾಗ, ಅತ್ತೆ ಕುಡಗೋಲು ಈಳಿಗೆ ತೊಳೆದ ಹಾಗೆಯೇ ಬಾಣಗಳನ್ನೂ ಬಚ್ಚಲ ಹಂಡೆಯ ಕುದಿಯುವ ನೀರಿಗೆ ಇಳಿಸಿದರು. ಎಷ್ಟೋ ಕೈ ದಾಟಿ ಬಂದ ಸಾಮಾನು, ಸ್ವಚ್ಛ ಆಗಲಿ ಎಂದು ಸ್ವಲ್ಪ ಹೊತ್ತು ಹೆಚ್ಚಿಗೇ ಬಿಟ್ಟರು. ಆ ಬಾಣದ ಮೊನೆ ಕೂರಿಸುವುದು ಬಿಸಿಗೆ ಕರಗುವ ಅಂಟಿನಿಂದ ಎಂದು ನಮಗಾರಿಗೆ ಗೊತ್ತು? ಮೊನೆಗಳು ಹಂಡೆಯ ತಳ ಸೇರಿದವು, ಗರಿಗಳು ಸೊಟ್ಟಗಾಗಿ ಕಿತ್ತುಬಂದವು. ಅತ್ತೆ ಅವನ್ನೆಲ್ಲ ಆರಿಸಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಒಣಹಾಕಿದ್ದರು. ತೊಳೆಯುವಾಗ ಬಿಚ್ಚಿಕೊಳ್ಳುವ ಸಾಮಾನೆಂದೇ ಅವರು ತಿಳಿದಿದ್ದರು.

ಹುಡುಗಿ ಬಂದು ನೋಡಿದಳು. ಅಳಲಿಲ್ಲ, ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

“ಆಯಿ, ಏನ್ ಮಾಡಿದಿ ಇದು?” ಎಂದು ಒಂದೇ ಮಾತು ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

“ಖಂಡೆಕ್ಕ ಮಾಡೂದು ಮಾಡೇನವಾ,” ಎಂದರು ಅತ್ತೆ, ಮುಚ್ಚಿದ ಬಾಗಿಲಿಗೆ. ಹೋಳಿಗೆ ಬೇಯಿಸಿದರು, ಎಲ್ಲರಿಗೂ ಬಡಿಸಿದರು, ತಾವು ಒಂದು ತುತ್ತು ಮುಟ್ಟಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು, ಇಬ್ಬರ ಮೇಲೂ ಕನಿಕರ. ಯಾರನ್ನು ಬೈಯಲಿ ಎಂದು ತಿಳಿಯದೆ ಹೊರದೇಶದ ಅಂಗಡಿಗೆ ಸಂದೇಶ ಕಳಿಸಿದೆ. ವಸ್ತುವನ್ನು ಸೂಚನೆಯ ಪ್ರಕಾರ ಬಳಸಿದ್ದೀರಾ ಎಂದು ಕೇಳಿದರು. ಪೂಜೆಗೆ ತೊಳೆದೆವು ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಹೋಗಿ, ಅರ್ಧಕ್ಕೆ ಬಿಟ್ಟು ಕಾಕಾಗೆ ಫೋನು ಮಾಡಿದೆ.

ಕಾಕಾ ನಗಲಿಲ್ಲ. ಮನೆಯ ಗೋಂದು ಹಚ್ಚಬೇಡಿ, ಮೊನೆ ಗುರಿಯ ಹಲಗೆಯಲ್ಲೇ ಉಳಿದುಬಿಡುತ್ತದೆ ಎಂದರು. ಹೊಸ ಗರಿ ನನ್ನಲ್ಲಿವೆ, ಅಂಟೂ ಇದೆ ಎಂದರು. ಆಮೇಲೆ ದನಿ ಇಳಿಸಿದರು.

“ಆದ್ರ ಟೀಚರ್ರ, ಗರಿ ಹಚ್ಚೂ ಅಚ್ಚು, ದೀಪ, ಎಲ್ಲಾ ಪೂಜಿಗಿ ಕುಂತಾವ. ನಮ್ಮಪ್ಪನ ಕಾಲದಿಂದ ಬನ್ನಿಗಿಂತ ಮೊದಲ ಎತ್ತಿಲ್ರಿ. ನಾಳಿ ಸಂಜಿಕ ಎತ್ತಿ ಹಚ್ಚಿದ್ರ ನಾಡದ ಮುಂಜಾನಿಗಿ ಅಂಟು ಪೂರಾ ಆರಂಗಿಲ್ಲ.”

ಬೈಯಲು ಕಡೆಗೂ ಒಬ್ಬರು ಸಿಕ್ಕರು. ಬಾಯಿಗೆ ಬಂದದ್ದೆಲ್ಲ ಅಂದೆ. ಅಂಗಡಿ ಇಟ್ಟಿರುವುದು ಕೊಡಲಿಕ್ಕೋ ಕುಂಕುಮ ಹಚ್ಚಲಿಕ್ಕೋ ಎಂದೂ ಕೇಳಿದೆ. ಪೂರ್ತಿ ಕೇಳಿಸಿಕೊಂಡು, “ಬೈರಿ, ನಿಮಗ ಹಕ್ಕ ಐತಿ. ಆದ್ರ ನನ್ನ ಕೈಲೆ ಎತ್ತಾಕ ಆಗಂಗಿಲ್ರಿ,” ಎಂದರು.

ಅತ್ತೆ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಮರುದಿನ ಮುಂಜಾನೆ ನಾನು ಏಳುವಷ್ಟರಲ್ಲಿ ಇಳಕಲ್ ಸೀರೆ ಉಟ್ಟು, ಪೂಜೆಗೆ ಕೂರಿಸದೆ ಉಳಿದಿದ್ದ ಬಾಣಗಳನ್ನೂ ಮೊನೆಗಳನ್ನೂ ಟವೆಲ್ಲಿನಲ್ಲಿ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. “ನಡೀರಿ ಬಾಗಲಕೋಟಿಗಿ,” ಎಂದರು. ಏಕೆಂದು ಹೇಳಲಿಲ್ಲ, ಮೂವರೂ ಹೊರಟೆವು. ಬಸ್ಸಿಗೂ ಅವತ್ತು ಬಾಳೆಕಂಬ, ಹೂವಿನ ಹಾರ. ಅಮೀನಗಡದಲ್ಲಿ ಬಸ್ಸು ನಿಂತಾಗ ಅತ್ತೆ ಕರದಂಟು ಕೊಂಡು ಮೊಮ್ಮಗಳ ಕಡೆ ಚಾಚಿದರು. ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಳು. ಪೊಟ್ಟಣ ಅತ್ತೆಯ ತೊಡೆಯ ಮೇಲೇ ಉಳಿಯಿತು.

ಕಾಕಾನ ಅಂಗಡಿ ಅರ್ಧ ಬಾಗಿಲು ಹಾಕಿತ್ತು. ಒಳಗೆ ಮಣೆಯ ಮೇಲೆ ತಕ್ಕಡಿ, ಕತ್ತರಿ, ಅಚ್ಚು, ಸ್ಪಿರಿಟ್ಟಿನ ದೀಪ, ಎಲ್ಲದಕ್ಕೂ ಹೂವು. ಅತ್ತೆ ಚಪ್ಪಲಿ ಬಿಟ್ಟು ನೇರ ಮಣೆಯ ಮುಂದೆ ಹೋಗಿ ನಿಂತರು.

“ತಮ್ಮಾ, ನಿನ್ನ ಕೈಲೆ ಎತ್ತಾಕ ಆಗಂಗಿಲ್ಲ ಅಂದಿ. ನಾ ಎತ್ತಿ ಕೊಡ್ತೇನಿ. ಪಾಪ ಬರೂದು ನನಗ ಬರ್ಲಿ, ನೀ ಬರೇ ಅಂಟು ಹಚ್ಚು.”

ಕಾಕಾ ಬೇಡ ಬೇಡ ಎನ್ನುತ್ತ ಎದ್ದರು. ಅತ್ತೆ ಆಗಲೇ ಕೈ ಮುಗಿದು, ಅಚ್ಚಿನ ಮೇಲಿನ ಹೂ ಸರಿಸಿದ್ದರು. ಎತ್ತಲು ಕೈ ಚಾಚಿದರು. ಅಷ್ಟು ವರ್ಷ ಆ ನೇಮವನ್ನು ಕಾದುಕೊಂಡು ಬಂದ ಕೈ ಅದು, ಹಟಕ್ಕೆ ಬಿದ್ದು ಮುಂದೆ ಹೋಗುತ್ತಿತ್ತು, ಹೆದರಿ ಹಿಂದೆ ಬರುತ್ತಿತ್ತು. ಆಗ ಬಾಗಿಲಲ್ಲಿ ನಿಂತಿದ್ದ ಹುಡುಗಿ ಬಂದು ಆಯಿಯ ಕೈ ಕೆಳಗೆ ತನ್ನ ಕೈ ಕೊಟ್ಟಳು.

“ಕೂಡಿ ಎತ್ತೂಣು ತಡಿ, ಆಯಿ. ಪಾಪ ಅರ್ಧಾ ನಂದು.”

ಇಬ್ಬರೂ ಎತ್ತಿ ಕಾಕಾನ ಮುಂದೆ ಇಟ್ಟರು. ಕಾಕಾ ದೀಪ ಹಚ್ಚಿ, ಮೊನೆ ಬಿಸಿಮಾಡಿ, ಅಂಟು ಸವರಿ ಒಂದೊಂದನ್ನೇ ಕೂರಿಸಿದರು. ಗರಿಗಳು ಕಪಾಟಿನಲ್ಲಿದ್ದ ಕೆಂಪು ಬಣ್ಣದವು. ಅವರು ಕೆಲಸ ಮಾಡುವಷ್ಟು ಹೊತ್ತೂ ಅಜ್ಜಿ ಮೊಮ್ಮಗಳು ಬೆಂಚಿನ ಮೇಲೆ ಕೂತು ಕರದಂಟು ತಿಂದರು. ನನ್ನ ಪಾಲಿಗೆ ಕಾಗದ ಉಳಿಯಿತು.

ಮರುದಿನ ಅವಳು ಆಯ್ಕೆಯಾದಳು, ತಂಡದಲ್ಲಿ ಕಡೆಯವಳಾಗಿ. ಗುರಿಯಿಂದ ಬಾಣ ಕೀಳುವಾಗಲೆಲ್ಲ ಮೊನೆ ಜೊತೆಗೇ ಬಂತೋ ಇಲ್ಲವೋ ಎಂದು ದೂರದಲ್ಲಿ ಕೂತ ಅತ್ತೆ ನನ್ನನ್ನು ಕೇಳಿ ಕೇಳಿ ತಲೆ ತಿಂದರು. ಎಲ್ಲವೂ ಬಂದವು.

ಅದಾದ ಮೇಲೆ ಅತ್ತೆಗೆ ಮಹಾಕೂಟಕ್ಕೆ ಹೋಗಬೇಕೆಂದಾಯಿತು. ಅಲ್ಲಿನ ಹೊಂಡದಲ್ಲಿ ಮುಳುಗಿದರೆ ಮಾಡಿದ ಪಾಪ ಕಳೆಯುತ್ತದೆಂದು ಅವರ ನಂಬಿಕೆ. ಮೊಮ್ಮಗಳು ತನ್ನ ಅರ್ಧವನ್ನೂ ಕಳೆದುಕೊಳ್ಳಬೇಕೆಂದು ಹೊರಟಳು, ಇಬ್ಬರ ಬಟ್ಟೆಯ ಚೀಲ ಹೊತ್ತು ನಾನೂ ಹೊರಟೆ. ಬಾದಾಮಿಯಲ್ಲಿ ಬಸ್ಸು ಬದಲಿಸಿ ಹೋದೆವು. ಹುಡುಗಿ ಧುಮುಕಿ, ಮುಳುಗಿ, ಎದ್ದು ನಗುತ್ತಿದ್ದಳು. ಅತ್ತೆ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದರು.

“ಅತ್ತಿ, ಇಳೀರಿ. ಮುಂದಿನ ಬಸ್ಸು ತಪ್ಪತೈತಿ,” ಎಂದೆ.

“ಇಳಿದ್ರ ಅದೂ ಹೋಕ್ಕೈತಲ್ಲವಾ,” ಎಂದರು ಅತ್ತೆ. “ಆಕಿ ಸಲುವಾಗಿ ಮಾಡಿದ ಪಾಪ ಅದು. ನನ್ನ ಹಂತೇಕ ಇರ್ಲಿ ಬಿಡು.”

ಅತ್ತೆ ಮುಖ ತೊಳೆದುಕೊಂಡರು, ಸೆರಗಿನಿಂದ ಒರೆಸಿಕೊಂಡರು, ಉಟ್ಟ ಒಣ ಸೀರೆಯಲ್ಲೇ ಬಂದು ಬಸ್ಸು ಹತ್ತಿದರು.