ಪೈನ್ ಮರಕ್ಕೆ ತರೀಕೆರೆಯ ಬಟ್ಟಲು

ಪೈನ್ ಮರವನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಕ್ಯಾಲೆಂಡರಿನಲ್ಲಿ. ಹಿಂದೆ ಹಿಮದ ಬೆಟ್ಟ, ಮುಂದೆ ಒಂದು ಕೆರೆ, ಕೆಳಗೆ ಗೊಬ್ಬರದಂಗಡಿಯ ಹೆಸರು. ನಮ್ಮ ಮನೆಯಲ್ಲಿ ಉಳಿದವರ ಪೈನ್ ಜ್ಞಾನವೂ ಅಷ್ಟೇ. ಆದರೂ ಈಚೆಗೊಂದು ಭಾನುವಾರ ಕಡೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೂ ನಾವು ಆ ಮರದ ವಿಷಯಕ್ಕೆ ಜಗಳವಾಡಿದೆವು.

ಕಾರಣ ನನ್ನ ತಮ್ಮ ಲೋಕೇಶ. ತರೀಕೆರೆಯಲ್ಲಿ ಅವನದೊಂದು ಪುಟ್ಟ ಪ್ಲಾಸ್ಟಿಕ್ ಮೋಲ್ಡಿಂಗ್ ಯೂನಿಟ್ ಇದೆ. ಬಕೆಟ್, ಮಗ್ಗು, ಹೂವಿನ ಕುಂಡ ಮಾಡುತ್ತಾನೆ. (ಯಾರ ಗೃಹಪ್ರವೇಶಕ್ಕೂ ಏನು ಉಡುಗೊರೆ ಕೊಡುವುದು ಎಂಬ ಚಿಂತೆ ನಮಗಿಲ್ಲ.) ಆದರೆ ದೊಡ್ಡ ಕಂಪನಿಗಳ ಬಕೆಟ್ಟು ಸಂತೆ ಸಂತೆಗೂ ಬಂದ ಮೇಲೆ ಅವನ ಮೆಷಿನ್ನು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾಯಿತು.

ಅವನ ಮಾವ ರುದ್ರಪ್ಪನವರಿಗೆ ಅಜ್ಜಂಪುರದಲ್ಲಿ ಹಾರ್ಡ್‌ವೇರ್ ಅಂಗಡಿ. "ಅದನ್ನ ಮುಚ್ಬಿಟ್ಟು ನಮ್ಮ ಗಲ್ಲಾದಲ್ಲಿ ಬಂದು ಕೂತ್ಕೊಳ್ಳಪ್ಪಾ" ಎಂದು ಅವರು ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಮೊಳೆ ತೂಗುವುದು ಕೀಳು ಕೆಲಸವೇನಲ್ಲ. ಆದರೆ ಮಾವ ಎದುರಿಗೆ ಕುಳಿತು ನೋಡುತ್ತಿರುವಾಗ ಮೊಳೆ ತೂಗುವುದಿದೆಯಲ್ಲ, ಅದನ್ನು ಅಳಿಯಂದಿರೇ ಬಲ್ಲರು.

ಅಷ್ಟರಲ್ಲಿ ಹಿಮಾಲಯದ ಕಡೆಯ ಒಂದು ಅರಣ್ಯ ಕಚೇರಿ ಹೊಸ ಬಟ್ಟಲಿಗಾಗಿ ಕಂಪನಿಗಳನ್ನು ಕರೆದಿರುವುದು ಲೋಕೇಶನಿಗೆ ಯಾರಿಂದಲೋ ಗೊತ್ತಾಯಿತು. ಅಲ್ಲಿ ಪೈನ್ ಮರದ ತೊಗಟೆ ಕೆತ್ತಿದರೆ ಅಂಟಿನಂಥ ರಾಳ ಒಸರುತ್ತದೆ. ಅದರಿಂದ ಟರ್ಪೆಂಟೈನ್ ತೆಗೆಯುತ್ತಾರೆ. ಕೆತ್ತಿದ ಜಾಗದ ಕೆಳಗೆ ಬಟ್ಟಲು ಕಟ್ಟಿ ರಾಳ ಹಿಡಿಯಬೇಕು. ಈಗಿರುವ ಬಟ್ಟಲು ಸರಿಯಿಲ್ಲ, ಹೊಸ ಡಿಸೈನ್ ಮಾಡಿ ಸ್ಯಾಂಪಲ್ ಕಳಿಸಿ, ಮರಕ್ಕೆ ಕಟ್ಟಿ ನೋಡುತ್ತೇವೆ ಎಂದಿದ್ದರು. ಪಾಸಾದರೆ ಆರ್ಡರ್. ಇಲ್ಲವಾದರೆ ಅಜ್ಜಂಪುರ.

ಲೋಕೇಶ ಮಾಡಿದ ಮೊದಲ ತಪ್ಪು, ಈ ಸಂಗತಿಯನ್ನು ಮನೆಯಲ್ಲಿ ಬಾಯಿಬಿಟ್ಟಿದ್ದು.

ನಮ್ಮ ಜನಕ್ಕೆ ಒಂದು ದೊಡ್ಡ ಗುಣವಿದೆ. ಗೊತ್ತಿರುವ ವಿಷಯಕ್ಕೆ ಸಲಹೆ ಕೇಳಿದರೆ "ನೋಡೋಣ" ಅನ್ನುತ್ತೇವೆ. ಗೊತ್ತಿಲ್ಲದ್ದಕ್ಕೆ ಯಾರೂ ಕೇಳುವುದೇ ಬೇಡ. ಪಂಚನಹಳ್ಳಿಯಿಂದ ದೊಡ್ಡಪ್ಪನ ಮಗ ಶಿವಣ್ಣ ಬಂದ. ತೆಂಗಿನ ತೋಟದವನು. ನೀರಾ ಇಳಿಸುವುದನ್ನು ಒಮ್ಮೆ ಟ್ರೇನಿಂಗಿನಲ್ಲಿ ನೋಡಿದ್ದಾನೆ, ಆದ್ದರಿಂದ ಜಗತ್ತಿನ ಸಕಲ ಮರಗಳ ಮೇಲೂ ಅವನಿಗೆ ಹಕ್ಕಿದೆ.

"ಬಾಯಿ ಸಣ್ಣಕಿರ್ಬೇಕು ಕಣೋ. ಇಲ್ದಿದ್ರೆ ಇಣಚಿ ಬಂದು ಎಲ್ಲಾ ಕುಡ್ಕೊಂಡ್ ಹೋಯ್ತವೆ."

"ಅಣ್ಣ, ಅದು ಟರ್ಪೆಂಟೈನ್. ಯಾವ ಅಳಿಲು ಕುಡಿಯುತ್ತೆ?" ಎಂದ ಲೋಕೇಶ.

"ನಿಂಗೇನ್ ಗೊತ್ತೋ ಅಲ್ಲೀ ಇಣಚಿ ವಿಷ್ಯ?"

ರುದ್ರಪ್ಪನವರು ಮುಚ್ಚಳ ಬೇಕೇ ಬೇಕು, ಅದೂ ತಿರುಪಿನ ಮುಚ್ಚಳ ಎಂದರು. ನಮ್ಮನೆಯವರು ಕಾಮರ್ಸ್ ಲೆಕ್ಚರರ್. ಬಣ್ಣ ಹಸಿರಿರಲಿ, ಪರಿಸರದ ಕಾಳಜಿ ಕಾಣುತ್ತೆ ಎಂದರು. ಅಮ್ಮ ಹಿಡಿ ಕೇಳಿದಳು. ನಾನು ಅಂಚು ಅಗಲವಿರಲಿ ಎಂದೆ. (ಯಾಕೆ ಎಂದು ಕೇಳಬೇಡಿ. ಎಲ್ಲರೂ ಒಂದೊಂದು ಹೇಳುವಾಗ ನಾನೊಬ್ಬಳು ಸುಮ್ಮನಿರಲೇ?) ಊಟದ ಹೊತ್ತಿಗೆ ಹಿಡಿ, ಮುಚ್ಚಳ, ಮೂತಿ, ಕೊಕ್ಕೆ ಎಲ್ಲವೂ ಸೇರಿ ಆ ಬಟ್ಟಲಿನಲ್ಲಿ ರಾಳಕ್ಕೆ ಬಿಟ್ಟು ಉಳಿದೆಲ್ಲಕ್ಕೂ ಜಾಗವಾಗಿತ್ತು.

ಲೋಕೇಶ ಎಲ್ಲದಕ್ಕೂ "ಹೂಂ" ಎಂದು, ಒಬ್ಬಟ್ಟು ತಿಂದು, ತರೀಕೆರೆಗೆ ಹೋಗಿ ಒಂದನ್ನೂ ಮಾಡಲಿಲ್ಲ. ಅಲ್ಲಿನ ಕಚೇರಿಗೇ ಮತ್ತೆ ಮತ್ತೆ ಫೋನ್ ಮಾಡಿ, ರಾಳ ಎಷ್ಟು ಮಂದ, ಚಳಿಯಲ್ಲಿ ಗಟ್ಟಿಯಾದರೆ ಹೇಗೆ ತೆಗೆಯುತ್ತಾರೆ, ಮರ ಎಷ್ಟು ದಪ್ಪ ಎಂದೆಲ್ಲ ವಿಚಾರಿಸಿದ. ಕಾಂಡಕ್ಕೆ ಅಂಟಿ ಕೂರುವಂತೆ ಹಿಂಭಾಗ ಒಳಬಾಗಿದ, ಕೆರೆದು ತೆಗೆಯಲು ಅಗಲ ಬಾಯಿಯ, ಕಸ ಬೀಳದಂತೆ ಮೇಲೊಂದು ಸಣ್ಣ ಚಾವಣಿಯಿರುವ ಬಟ್ಟಲು ಮಾಡಿದ. ನಮ್ಮ ಹಿತ್ತಿಲ ಬೇವಿನ ಮರಕ್ಕೆ ಕಟ್ಟಿ, ಬಿಸಿ ಮಾಡಿದ ಗ್ರೀಸು ಸುರಿದು ನೋಡಿದ. ಚೆನ್ನಾಗಿತ್ತು. ನೋಡಿ ನಮಗೆಲ್ಲ ಬೇಜಾರಾಯಿತು. ನಮ್ಮದೇನೂ ಅದರಲ್ಲಿರಲಿಲ್ಲವಲ್ಲ!

ಸ್ಯಾಂಪಲ್ಲುಗಳನ್ನು ಕಡೂರಿನಿಂದಲೇ ಪಾರ್ಸೆಲ್ ಮಾಡಿದ. ಡಬ್ಬಕ್ಕೆ ತುಂಬಿದ್ದು ನಮ್ಮ ಮನೆಯಲ್ಲಿ. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಟೇಪ್ ಅಂಟಿಸಿ, ಮೇಲೆ ವಿಭೂತಿ ಹಚ್ಚಿ ರೆಡಿ ಮಾಡಿಟ್ಟಿದ್ದಳು. ಮಗ ಖುಷಿಯಿಂದ ಹೊತ್ತುಕೊಂಡು ಹೋದ.

ಒಂದಷ್ಟು ದಿನದ ಮೇಲೆ, ಅವನು ಕಡೂರಿನಲ್ಲೇ ಇದ್ದಾಗ ಅಲ್ಲಿಂದ ಫೋನ್ ಬಂತು. ಮಾತಾಡಿದ್ದು ಒಬ್ಬ ಲೇಡಿ ಆಫೀಸರ್. ಲೋಕೇಶನ ಹಿಂದಿ ಗಾಬರಿಯಲ್ಲಿ ಕೈಕೊಡುತ್ತದೆ. ಸ್ಪೀಕರ್ ಹಾಕಿದ. ಧಾರಾವಾಹಿಗಳ ಕೃಪೆಯಿಂದ ದುಭಾಷಿ ನಾನು.

ಆಕೆ ಹೇಳಿದ್ದಿಷ್ಟು. ಬೇರೆ ಕಂಪನಿಗಳ ಬಟ್ಟಲೂ ಕಟ್ಟಿದ್ದೆವು, ನಿಮ್ಮದೂ ಕಟ್ಟಿದ್ದೆವು. ಅವರ ಬಟ್ಟಲುಗಳ ತಂಟೆಗೆ ಮಂಗಗಳು ಹೋಗಲಿಲ್ಲ. ನಿಮ್ಮವನ್ನು ಮಾತ್ರ ಒಂದೂ ಬಿಡದೆ ಕಿತ್ತು, ಕಚ್ಚಿ, ನೆಕ್ಕಿ ಎಸೆದಿವೆ. ನಿಮ್ಮ ಪ್ಲಾಸ್ಟಿಕ್ಕಿನಲ್ಲಿ ಅಂಥದ್ದೇನಿದೆ?

ಲೋಕೇಶನ ಮುಖ ಬಿಳಿಚಿಕೊಂಡಿತು. ಪ್ಲಾಸ್ಟಿಕ್ ನೆಕ್ಕುವ ಮಂಗ ಎಲ್ಲಾದರೂ ಉಂಟೇ?

"ಅಯ್ಯೋ, ಬೆಲ್ಲ ಹಾಕಿದ್ನಲ್ಲ!" ಎಂದಳು ಅಮ್ಮ, ಅಡುಗೆಮನೆ ಬಾಗಿಲಲ್ಲಿ ನಿಂತು.

ನಮ್ಮ ಕಡೆ ಪಾತ್ರೆಯನ್ನು ಬರಿದಾಗಿ ಯಾರಿಗೂ ಕಳಿಸುವುದಿಲ್ಲ, ನಿಮಗೇ ಗೊತ್ತು. ಪಕ್ಕದ ಮನೆಯವರು ಸಾರು ಕೊಟ್ಟ ಬಟ್ಟಲು ವಾಪಸ್ ಹೋಗುವಾಗಲೂ ತಳದಲ್ಲಿ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಅಮ್ಮನ ಪಾಲಿಗೆ ಬಟ್ಟಲು ಅಂದರೆ ಬಟ್ಟಲು. ಅದು ಪಕ್ಕದ ಮನೆಗೆ ಹೋದರೇನು, ಹಿಮಾಲಯಕ್ಕೆ ಹೋದರೇನು? ಒಂದೊಂದರಲ್ಲೂ ಬೆಲ್ಲದ ಉಂಡೆ, ಕೊಬ್ಬರಿ ಚೂರು ಇಟ್ಟಿದ್ದಳು. ದಾರಿಯ ಸೆಕೆಗೆ ಬೆಲ್ಲ ಅರ್ಧ ಕರಗಿ ಒಳಗೆಲ್ಲ ಬಳಿದುಕೊಂಡಿತ್ತು. ಅಲ್ಲಿನ ಕೆಲಸದವರು (ಇದು ಆಮೇಲೆ ಗೊತ್ತಾಯಿತು) ಆಫೀಸರಿಗೆ ಹೇಳದೆ ಉಳಿದ ಉಂಡೆ ತೆಗೆದು ಬಾಯಿಗೆ ಹಾಕಿಕೊಂಡು, ಬಟ್ಟಲನ್ನು ಬಟ್ಟೆಯಲ್ಲಿ ಒರೆಸಿ, ಹಾಗೇ ಮರಕ್ಕೆ ಕಟ್ಟಿದ್ದರು.

ಲೋಕೇಶ ಅಮ್ಮನನ್ನು ನೋಡಿದ. ಫೋನನ್ನು ನೋಡಿದ. "ಒಂದು ಮಾತು ಹೇಳೋ, ನಿಂದೇನೂ ತಪ್ಪಿಲ್ಲ ಅಂತ ಗೊತ್ತಾಗುತ್ತೆ" ಎಂದು ನಾನು ಪಿಸುಗುಟ್ಟಿದೆ. ಅವನು ಬೇಡವೆಂದು ತಲೆಯಾಡಿಸಿದ. ಹರಕು ಹಿಂದಿಯಲ್ಲಿ ಹೇಳಿಯೇಬಿಟ್ಟ: "ಡಿಸೈನೇ ಸರಿಯಿಲ್ಲ ಮೇಡಂ. ಬಿಡಿ."

ನನಗೆ ಅಳುವೂ ಬಂತು, ಎರಡು ಬಾರಿಸಬೇಕೆಂಬ ಸಿಟ್ಟೂ ಬಂತು. ಹೆತ್ತವಳನ್ನು ಅಪರಿಚಿತರ ಮುಂದೆ ಸಣ್ಣವಳನ್ನಾಗಿ ಮಾಡಲಾರದೆ ಮಗರಾಯ ಅಜ್ಜಂಪುರದ ಗಲ್ಲಾಕ್ಕೆ ತಾನೇ ಹೊರಟುಬಿಟ್ಟಿದ್ದ.

ಅಮ್ಮನಿಗೆ ಹಿಂದಿ ಬಾರದು. ಆದರೆ ಮಗನ ಮುಖ ಓದಲು ಬರುತ್ತದೆ. ಬಂದವಳೇ ಫೋನಿಗೆ ಬಾಯಿಟ್ಟು, ಹಿಮಾಲಯಕ್ಕೆ ನೇರ ಕೇಳಿಸಲಿ ಎಂಬಷ್ಟು ಜೋರಾಗಿ ಶುರುಮಾಡಿದಳು. "ನೋಡಮ್ಮಾ, ತಪ್ಪು ನಂದು. ಬರೀ ಬಟ್ಲು ಕಳ್ಸಕ್ಕೆ ಮನ್ಸು ಬರ್ಲಿಲ್ಲ, ಬೆಲ್ಲ ಹಾಕ್ದೆ. ನನ್ ಮಗುಂದೇನೂ ಇಲ್ಲ. ಬಟ್ಲು ಚೆನ್ನಾಗೈತೆ. ಇನ್ನೊಂದ್ ಸಲ ಕಟ್ಟಿ ನೋಡು. ಈ ಸಲ ನಾನು ಮುಟ್ಟಲ್ಲ, ಆಯ್ತಾ?"

ನಾನು ಅದನ್ನೇ ಹಿಂದಿಗೆ ತಿರುಗಿಸಿದೆ. ಆ ಕಡೆ ಆಕೆ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಇನ್ನೊಂದು ಸೆಟ್ ಕಳಿಸಿ, ಆದರೆ ತೊಳೆದು ಕಳಿಸಿ ಎಂದರು.

ಎರಡನೇ ಪಾರ್ಸೆಲ್ಲು ತರೀಕೆರೆಯಿಂದಲೇ ಹೋಯಿತು. ಕಡೂರಿನವರಿಗೆ ಸುಳಿವೂ ಕೊಡಲಿಲ್ಲ. ಆದರೆ ಮಂಗಗಳ ಸುದ್ದಿ ಅಷ್ಟರಲ್ಲಿ ನೆಂಟರಿಷ್ಟರಿಗೆಲ್ಲ ಮುಟ್ಟಿತ್ತು. ಸುದ್ದಿ ಕೇಳಿದವರ ಉತ್ಸಾಹ ನೋಡಬೇಕಿತ್ತು. "ನಾನು ಅವತ್ತೇ ಹೇಳ್ದೆ ಕಣ್ರೀ, ಮುಚ್ಚಳ ಬೇಕೂಂತ" ಎಂದರು ರುದ್ರಪ್ಪನವರು, ಅಳಿಯನಿಗೆಂದು ಹೊಸ ಕುರ್ಚಿ ತರಿಸುತ್ತಾ. "ಬಾಯಿ ಸಣ್ಣಕಿದ್ದಿದ್ರೆ ಮಂಗನ ಕೈ ಹೋಗ್ತಿತ್ತಾ?" ಎಂದ ಶಿವಣ್ಣ. ಹಸಿರು ಬಣ್ಣವಿದ್ದಿದ್ದರೆ ಮಂಗಗಳ ಕಣ್ಣಿಗೇ ಬೀಳುತ್ತಿರಲಿಲ್ಲ ಎಂದರು ನಮ್ಮನೆಯವರು. ನಮ್ಮವರಿಗೆ ಎಷ್ಟು ಖುಷಿ ನೋಡಿ, ನಮ್ಮವನೊಬ್ಬ ಸೋತರೆ! ಗೆದ್ದರೆ ಒಂದು ಪೇಡೆ ಸಿಗುತ್ತದೆ, ಅಷ್ಟೇ. ಸೋತರೆ ವರ್ಷಗಟ್ಟಲೆ ಮಾತಾಡಬಹುದು. ಅಮ್ಮ ಮಾತ್ರ ಆ ದಿನಗಳಲ್ಲಿ ಸರಿಯಾಗಿ ಊಟ ಮಾಡಲಿಲ್ಲ.

ಕಳೆದ ವಾರ ಉತ್ತರ ಬಂತು. ಬಟ್ಟಲು ಪಾಸಾಗಿದೆ. ಸದ್ಯಕ್ಕೆ ಸಣ್ಣ ಆರ್ಡರ್, ರಾಳ ಚೆನ್ನಾಗಿ ಬಂದರೆ ಮುಂದೆ ಇನ್ನಷ್ಟು. ತರೀಕೆರೆಯಲ್ಲಿ ಮೆಷಿನ್ನು ಓಡುತ್ತಿದೆ. ಲೋಕೇಶನ ಫೋನ್ ಬ್ಯುಸಿ ಬರುತ್ತಿದೆ.

ಮತ್ತೆ ಭಾನುವಾರ, ಅದೇ ಪಡಸಾಲೆ. ಮೇಲಿನ ಚಾವಣಿ ಅಂದರೆ ಮುಚ್ಚಳವೇ ತಾನೇ, ಐಡಿಯಾ ತಮ್ಮದು ಎಂದು ರುದ್ರಪ್ಪನವರು ಅಜ್ಜಂಪುರದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಾರಂತೆ. ಮರಕ್ಕೆ ಬಟ್ಟಲು ಕಟ್ಟುವ ವಿದ್ಯೆಯೇ ತನ್ನಿಂದ ಹೋದದ್ದು ಎನ್ನುತ್ತಾನೆ ಶಿವಣ್ಣ. ನಮ್ಮನೆಯವರು ಕಾಲೇಜಿನಲ್ಲಿ ಇದನ್ನೊಂದು ಕೇಸ್ ಸ್ಟಡಿ ಮಾಡಿದ್ದಾರೆ, ಅದರಲ್ಲಿ ಲೋಕೇಶನ ಹೆಸರು ಕೊನೆಯ ಸಾಲಿನಲ್ಲಿದೆ. (ಅಂಚು ಅಗಲವಿರಲಿ ಎಂದದ್ದು ನಾನು. ಅದು ಬೇರೆ ಮಾತು.)

ಆ ಬಟ್ಟಲನ್ನು ಕಂಡುಹಿಡಿದವರು ತಾವೇ ಎಂದು ಇನ್ನೂ ಹೇಳದಿರುವವು, ಪಾಪ, ಆ ಮಂಗಗಳು ಮಾತ್ರ.