ಚೆಂಗಪ್ಪಣ್ಣನ ಐದು ಗುಂಡು

ತೊಂಬತ್ತರ ದಶಕದ ದುಬೈ ಶುಕ್ರವಾರವೆಂದರೆ ಸವಾದನಿಗೆ ಇಂದಿಗೂ ನೆನಪಾಗುವುದು ಕೊಡಗಿನ ಚೆಂಗಪ್ಪಣ್ಣ. ವಾರವಿಡೀ ಅಲ್ ಕೂಜ್‌ನ ಗೋದಾಮು ಕಾಯುವ ಅವರು ಅಂದು ಮರಳುಗಾಡಿನ ಶೂಟಿಂಗ್ ಕ್ಲಬ್ಬಿನಲ್ಲಿ ಸವಾದನ ಗುರು. ಹೊಸ ರೈಫಲ್ ಬೇಡವೇ ಎಂದು ಸವಾದ್ ಕೇಳಿದರೆ, "ಇರೋ ಕೋವಿ ಜೊತೆ ಮೊದಲು ಸಂಸಾರ ಮಾಡು ಮಾರಾಯ!" ಎಂದು ಕ್ಲಬ್ಬಿನ ಮುದಿ ರೈಫಲನ್ನೇ ಮೇಜಿನ ಮರಳುಚೀಲದ ಮೇಲೆ ಕೂಸಿನಂತೆ ಮಲಗಿಸುವರು. ಗಾಳಿ ಅಳೆಯಲು ಅವರಿಗೆ ಮೀಸೆಯೇ ಸಾಕು. ಅವರು ಉಸಿರು ಬಿಗಿಹಿಡಿದರೆ ನೊಣವೂ ರೆಕ್ಕೆ ಮಡಚಿ ಕಾಯಬೇಕು. ಮುನ್ನೂರು ಮೀಟರ್ ಆಚೆಯ ಕಾಗದದಲ್ಲಿ ಐದು ಗುಂಡಿಗೂ ಒಂದೇ ತೂತು. "ಐದೂ ಮುಗಿಸದೆ ಏಳೋದು ಅಂದ್ರೆ ಊಟದ ಮಧ್ಯೆ ಎದ್ದ ಹಾಗೆ," ಎಂದು ಗದರುವರು. ಅಂಥವರು ಒಂದು ಶುಕ್ರವಾರ ಬೆನ್ನುಬೆನ್ನಿಗೆ ಎರಡೇ ಗುಂಡು ಹಾರಿಸಿ ರೈಫಲ್ ಕೆಳಗಿಟ್ಟರು. "ಯಲ್ಲಾ, ಬೇಗ ಹೊಡೀರಿ ಚೆಂಗಪ್ಪಣ್ಣ, ಇನ್ನು ಮೂರು ಉಂಟಲ್ಲ!" ಎಂದು ಸವಾದ್ ಪಕ್ಕದ ಮೇಜಿನಿಂದ ಕೆಣಕಿದ. "ಅವ್ವ ಹೋದ್ರಂತೆ, ಊರಿಂದ ಫೋನ್ ಬಂತು. ಕಂಪೆನಿಯಲ್ಲಿ ರಜೆ ಕೇಳಿದ್ರೆ 'ಮಾಫಿ', ಇಲ್ಲ ಅಂದ್ರು," ಎಂದರು ಚೆಂಗಪ್ಪಣ್ಣ, ನಳಿಗೆ ಒರೆಸುತ್ತ. "ನಮ್ಮಲ್ಲಿ ಮನೇಲಿ ಸಾವಾದ್ರೆ ಎರಡು ಗುಂಡು ಹಾರಿಸ್ತೀವಿ. ಕೇಳಿದವರು ಕೆಲಸ ಬಿಟ್ಟು ಆ ಮನೆಗೆ ಬರ್ತಾರೆ." ಸವಾದ್ ತನ್ನ ಮೇಜು ಬಿಟ್ಟು ಬಂದು ಅವರ ಪಕ್ಕ ಕೂತ.