ನನ್ನ ತಮ್ಮ ಲೆಂಟ್ ಹಿಡಿದ ವರ್ಷ

ಮೊದಲು ಮಂಡಕ್ಕಿ ಒಗ್ಗರಣೆಯ ತಟ್ಟೆ ಬಿತ್ತು. ಆಮೇಲೆ ಪ್ರಭುದಾಸ ಬಿದ್ದ.

ಶನಿವಾರ ಬೆಳಿಗ್ಗೆ. ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಹಲ್ಲು ಕಚ್ಚಿಕೊಂಡಿತ್ತು. ಕೈಕಾಲು ನೆಲಕ್ಕೆ ಬಡಿಯುತ್ತಿದ್ದವು. ನಾನು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು, ಫಿಟ್ಸ್ ನೋಡಿದ್ದೇನೆ. ಮಗ್ಗುಲಿಗೆ ಹೊರಳಿಸಿದೆ, ತಲೆಯ ಕೆಳಗೆ ಟವಲ್ ಇಟ್ಟೆ, ಬಾಯಿಗೆ ಏನೂ ತುರುಕಬೇಡವೆಂದು ಅವನ ಹೆಂಡತಿ ಸುಶೀಲಾಗೆ ಹೇಳಿದೆ. ಮಾಡಬೇಕಾದದ್ದನ್ನು ಕ್ರಮವಾಗಿ ಮಾಡಿದೆ. ಆಂಬುಲೆನ್ಸಿಗೆ ಫೋನ್ ಮಾಡಿದೆ.

ಅವನಿಗೆ ಹಿಂದೆಂದೂ ಫಿಟ್ಸ್ ಬಂದಿರಲಿಲ್ಲ.

ಪ್ರಭುದಾಸ ನನ್ನ ಒಬ್ಬನೇ ತಮ್ಮ. ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಮನೆಗೂ ಅವನ ಮನೆಗೂ ಒಂದೇ ಗೋಡೆ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕೆಲಸ. ಕೊಟ್ಟೂರು, ಹಡಗಲಿ ಕಡೆಯಿಂದಲೂ ಮೋಟಾರು ಹೊತ್ತು ತರುತ್ತಿದ್ದರು. ಅಂಗಡಿ ಮುಚ್ಚಿದ ಮೇಲೆ ಕುಡಿಯುತ್ತಿದ್ದವನು ವರ್ಷ ಕಳೆದಂತೆ ಅಂಗಡಿ ತೆರೆಯುವ ಮೊದಲೇ ಕುಡಿಯತೊಡಗಿದ. ಕುಡಿಯದಿದ್ದರೆ ಬೆರಳು ನಡುಗಿ ತಂತಿ ತುಂಡಾಗುತ್ತದೆ ಎನ್ನುತ್ತಿದ್ದ. ಅದು ನೆಪವೆಂದು ನಾವು ತಿಳಿದಿದ್ದೆವು.

ಫಿಟ್ಸ್ ಬಂದ ವಾರವೇ, ಬೂದಿ ಬುಧವಾರಕ್ಕೆ, ಲೆಂಟ್ ಶುರುವಾಗಿತ್ತು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ ನಾವು ಲೆಂಟ್ ಎನ್ನುತ್ತೇವೆ. ನಮ್ಮ ಚರ್ಚಿನ ಸಭೆಯಲ್ಲಿ ಒಬ್ಬೊಬ್ಬರು ಒಂದೊಂದನ್ನು ಬಿಟ್ಟು ಲೆಂಟ್ ಹಿಡಿಯುತ್ತಾರೆ. ನಾನು ಚಹಾ ಬಿಡುತ್ತೇನೆ, ಸುಶೀಲಾ ಮಾಂಸ ಬಿಡುತ್ತಾಳೆ. ಆ ಬುಧವಾರ ಪ್ರಭುದಾಸ ಸ್ನಾನ ಮಾಡಿ ಬಿಳಿ ಅಂಗಿ ಹಾಕಿಕೊಂಡು ಚರ್ಚಿಗೆ ಬಂದ. ನಮ್ಮ ಪಾದ್ರಿ ಅಯ್ಯನವರ ಮುಂದೆ ಮೊಣಕಾಲೂರಿ, ಈ ಸಲ ಕುಡಿಯುವುದನ್ನೇ ಬಿಟ್ಟೆ ಎಂದ. ಸುಶೀಲಾ ಅತ್ತಳು. ಸಭೆಯವರೆಲ್ಲ ಅವನ ಕೈಕುಲುಕಿದರು. ಕೈ ಬೆವೆತಿತ್ತು. ಗುರುವಾರ ವಾಂತಿ, ಶುಕ್ರವಾರ ಇಡೀ ದಿನ ನಡುಕ. ದೇಹದಿಂದ ಕೊಳೆ ಹೋಗುತ್ತಿದೆ, ಹೋಗಲಿ ಎಂದೆವು.

ಫಿಟ್ಸ್ ಬಂದಾಗ ಮನೆ ತುಂಬ ಜನ ಸೇರಿದರು. ಸಭೆಯ ಹಿರಿಯರಾದ ದಾನಿಯೇಲಪ್ಪನವರು ಅವನ ಎದೆಯ ಮೇಲೆ ಕೈಯಿಟ್ಟು, ದೆವ್ವ ಬಿಟ್ಟು ಹೋಗಲಾರದೆ ಒದ್ದಾಡುತ್ತಿದೆ, ಪ್ರಾರ್ಥನೆ ಮುಗಿಯುವವರೆಗೆ ಅಲುಗಿಸಬೇಡಿ ಎಂದರು. ಅಷ್ಟರಲ್ಲಿ ಆಂಬುಲೆನ್ಸ್ ಬಂತು.

"ದೆವ್ವಕ್ಕೂ ಆಂಬುಲೆನ್ಸಿನಾಗ ಜಾಗ ಐತ್ರಿ, ದಾನಿಯೇಲಪ್ಪಾರ. ಅದೂ ಬರಲಿ. ನೀವು ಕಾಲು ಹಿಡೀರಿ" ಎಂದೆ.

ಹಿಡಿದರು. ಪ್ರಾರ್ಥನೆ ಮಾಡುತ್ತಲೇ ಹಿಡಿದರು.

ತಾಲ್ಲೂಕು ಆಸ್ಪತ್ರೆಯಿಂದ ಹೊಸಪೇಟೆಗೆ ಕಳಿಸಿದರು. ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಂದೊಂದೇ ಪ್ರಶ್ನೆ ಕೇಳಿ ಬರೆದುಕೊಂಡರು. ದಿನಾ ಎಷ್ಟು ಕುಡಿಯುತ್ತಿದ್ದರು, ಕೊನೆಯ ಸಲ ಯಾವಾಗ, ಒಮ್ಮೆಲೇ ಯಾಕೆ ನಿಲ್ಲಿಸಿದರು.

"ಲೆಂಟ್ ಹಿಡಿದಿದ್ರು ರಿ" ಎಂದಳು ಸುಶೀಲಾ.

"ಅದು ಯಾವ ಮಾತ್ರೆ? ಯಾರು ಬರೆದುಕೊಟ್ಟಿದ್ದು?"

ಆ ಗಳಿಗೆಯಲ್ಲೂ ನನಗೆ ನಗು ಬಂತು. ವಿವರಿಸಿದೆ. ಡಾಕ್ಟರಮ್ಮ ನಗಲಿಲ್ಲ. ಇಷ್ಟು ವರ್ಷ ಮದ್ಯಕ್ಕೆ ಒಗ್ಗಿದ ಮೆದುಳಿಗೆ ಅದನ್ನು ಹಠಾತ್ತಾಗಿ ತಪ್ಪಿಸಿದರೆ ಹೀಗಾಗುತ್ತದೆ, ಇದಕ್ಕೆ ವಿತ್‌ಡ್ರಾವಲ್ ಎನ್ನುತ್ತಾರೆ ಎಂದರು. ಬಿಡಬೇಕೆಂದು ತೀರ್ಮಾನಿಸಿದ್ದು ಸರಿ, ಆದರೆ ಬಿಡುವ ಜಾಗ ಆಸ್ಪತ್ರೆಯಾಗಿರಬೇಕಿತ್ತು. ಮುಂದಿನ ಎರಡು ದಿನ ಕಠಿಣ, ಜೀವಕ್ಕೂ ಅಪಾಯವಿದೆ ಎಂದೂ ಹೇಳಿದರು.

ವ್ರತದಿಂದ ಮನುಷ್ಯ ಸಾಯಬಹುದು.

ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಪ್ರಭುದಾಸ ನಮ್ಮ ಲೋಕದಲ್ಲಿರಲಿಲ್ಲ. ಡ್ರಿಪ್ ಕಿತ್ತುಕೊಂಡನೆಂದು ಕೈ ಕಟ್ಟಿದ್ದರು. ಕಟ್ಟಿದ ಕೈಯ ಬೆರಳುಗಳು ಮಾತ್ರ ಬಿಡುವಿಲ್ಲದೆ ಆಡುತ್ತಿದ್ದವು. ಹೆಬ್ಬೆರಳು, ತೋರುಬೆರಳು, ಒಂದು ಸುತ್ತು, ಇನ್ನೊಂದು ಸುತ್ತು. ಹಾಸಿಗೆಯ ಮೇಲೆ ತಂತಿ ಸುತ್ತುತ್ತಿದ್ದ.

"ಅಕ್ಕಾ, ತುದಿ ಹಿಡಿ. ಬಿಡಬ್ಯಾಡ, ಎಲ್ಲಾ ಬಿಚ್ಚಿಕೊಂತೈತಿ."

"ಎಲ್ಲೈತೋ ತಂತಿ? ಇದು ಆಸ್ಪತ್ರಿ" ಎಂದು ಗದರಿಸಿದೆ. ಅವನು ಹೆದರಿ ಚೀರಿದ. ವಾದ ಮಾಡಬೇಡಿ ಅಮ್ಮ ಎಂದು ನರ್ಸ್ ನನ್ನ ಭುಜ ಮುಟ್ಟಿದಳು. ಇಲ್ಲದ್ದನ್ನು ಇದೆ ಎಂದವರನ್ನು ನಾನು ಜೀವಮಾನದಲ್ಲಿ ಸುಮ್ಮನೆ ಬಿಟ್ಟವಳಲ್ಲ. ಆದರೂ ಸ್ಟೂಲ್ ಎಳೆದು ಕೂತೆ. ಎರಡು ಬೆರಳಿನಲ್ಲಿ ಗಾಳಿಯನ್ನು ಹಿಡಿದುಕೊಂಡೆ. ಹಿಡಿದೀನಿ, ಸುತ್ತು ಎಂದೆ. ಅವನ ಹಣೆ ಸಡಿಲವಾಯಿತು. ಸುತ್ತಿದ. ಇಳಿಹೊತ್ತಿನವರೆಗೆ ಹಾಗೇ ಕೂತಿದ್ದೆ.

ನಮ್ಮ ಸಭೆಯಲ್ಲಿ ಕುಡಿತಕ್ಕೆ ಇದ್ದದ್ದು ಒಂದೇ ಹೆಸರು, ಪಾಪ. ಚರ್ಚಿನ ಉಪದೇಶಗಳಲ್ಲಿ ಅದನ್ನೇ ಕೇಳಿ ಬೆಳೆದವಳು ನಾನು. ಈಗಲೂ ಅಲ್ಲವೆನ್ನುವುದಿಲ್ಲ. ಆದರೆ ಪಾಪಕ್ಕೆ ಡ್ರಿಪ್ ಹಾಕುವುದಿಲ್ಲ, ವಿಟಮಿನ್ ಇಂಜೆಕ್ಷನ್ ಕೊಡುವುದಿಲ್ಲ. ಆ ಸ್ಟೂಲಿನ ಮೇಲೆ ಕೂತು ನಾನು ಪ್ರಾರ್ಥನೆ ಮಾಡಲು ನೋಡಿದೆ. ಇವನನ್ನು ಕ್ಷಮಿಸು ಎನ್ನಬೇಕೋ, ಗುಣಪಡಿಸು ಎನ್ನಬೇಕೋ ತಿಳಿಯದೆ, ದೇವರೇ, ಇವನು ಪ್ರಭುದಾಸ ಎಂದಷ್ಟೇ ಹೇಳಿದೆ.

ನಾಲ್ಕನೆಯ ದಿನ ಕಣ್ಣು ಬಿಟ್ಟು, ಚಹಾ ಐತೇನಕ್ಕಾ ಎಂದ. ಲೆಂಟ್ ಮುರಿದು ನಾನೂ ಅವನ ಜೊತೆ ಕುಡಿದೆ.

ಡಿಸ್ಚಾರ್ಜ್ ಆದ ಮೇಲೆ ಮನೆಯ ಕ್ರಮವನ್ನು ನಾನು ಕೈಗೆತ್ತಿಕೊಂಡೆ. ಹೊತ್ತಿಗೆ ಸರಿಯಾಗಿ ಏಳುವುದು, ಊಟದ ನಂತರ ಮಾತ್ರೆ, ತಿಂಗಳಿಗೊಮ್ಮೆ ಹೊಸಪೇಟೆಯಲ್ಲಿ ಕೌನ್ಸೆಲಿಂಗ್. ಹಾಸ್ಟೆಲಿನಾಗ ಸೇರಿಸಿಬಿಟ್ಟಿ ನನ್ನ, ಒಂದು ಲಂಗ ಹೊಲಿಸಿಕೊಡು ಎಂದು ಗೊಣಗುತ್ತಿದ್ದ. ಗೊಣಗುವಷ್ಟು ಜೀವ ಬಂದಿದ್ದಕ್ಕೆ ನನಗೆ ಸಂತೋಷವೇ.

ಈಸ್ಟರ್‌ನಲ್ಲಿ ಸಾಕ್ಷಿ ಹೇಳು ಎಂದು ದಾನಿಯೇಲಪ್ಪನವರು ಒತ್ತಾಯಿಸಿದರು. ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ನಿಂತು ಹೇಳುವುದಕ್ಕೆ ನಾವು ಸಾಕ್ಷಿ ಎನ್ನುತ್ತೇವೆ. ಪ್ರಭುದಾಸ ಒಪ್ಪಲಿಲ್ಲ. ಅವನ ಗೆಳೆಯ ಯೋಹಾನ ಹೀಗೇ ಎದ್ದು ನಿಂತು, ಬಿಡುಗಡೆಯಾಯಿತು ಎಂದಿದ್ದ. ಸಭೆ ಚಪ್ಪಾಳೆ ತಟ್ಟಿತ್ತು. ಮುಂದೊಂದು ದಿನ ಜಾರಿ ಕುಡಿದ. ನಾಚಿಕೆಗೆ ಮತ್ತೆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಕೊನೆಗೆ ಹತ್ತಿಸಿದ್ದು ಶವಪೆಟ್ಟಿಗೆಯಲ್ಲಿ.

ಪ್ರಭುದಾಸನೂ ಜಾರಿದ. ಮಳೆಗಾಲದ ಹೊತ್ತಿಗೆ ಹಂಪಸಾಗರದಲ್ಲಿ ಒಂದು ಮದುವೆ ಊಟ. ಮನೆಗೆ ಬಂದು ಹೊಸ್ತಿಲಲ್ಲೇ ಕೂತ.

"ಕುಡಿದೀನಿ, ಸುಶೀ."

ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಮರುದಿನ ಮೊದಲ ಬಸ್ಸಿಗೆ ಅವನನ್ನು ಹೊಸಪೇಟೆಗೆ ಕರೆದುಕೊಂಡು ಹೋದಳು. ಇದು ಈ ಕಾಯಿಲೆಯಲ್ಲಿ ಆಗುವಂಥದ್ದು, ತಡಮಾಡದೆ ಬಂದಿರಲ್ಲ, ಅದೇ ಮುಖ್ಯ ಎಂದರಂತೆ ಡಾಕ್ಟರಮ್ಮ. ಮಾತ್ರೆ ಬದಲಾಯಿತು. ಮದುವೆ ಊಟಗಳು ನಿಂತವು.

ಬೆಳೆಯ ಫಲ ತಂದು ಅರ್ಪಿಸುವ ಸುಗ್ಗಿಯ ಆರಾಧನೆಯ ದಿನ, ಚರ್ಚಿನಲ್ಲಿ, ಯಾರೂ ಕೇಳದೆ ತಾನೇ ಎದ್ದು ನಿಂತ. ಬಿಟ್ಟೆ ಎಂದು ಹೇಳಿಬಿಟ್ಟರೆ ಯೋಹಾನನ ದಾರಿಯೇ.

"ಬಿಟ್ಟೀನಿ ಅಂತ ಹೇಳಾಕ ನಿಂತಿಲ್ರಿ. ಬಿಡಾಕತ್ತೀನಿ. ದಿನಾ ಬಿಡಾಕತ್ತೀನಿ. ನಡುವ ಒಮ್ಮೆ ಬಿದ್ದಿದ್ದೆ. ಎತ್ತಿದ್ರು."

ಕೂತುಬಿಟ್ಟ. ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಕೊನೆಗೆ ದಾನಿಯೇಲಪ್ಪನವರೇ ಆಮೆನ್ ಎಂದರು.

ಆರಾಧನೆಯಲ್ಲಿ ಅಯ್ಯನವರು ಹೆಸರು ಓದಿ ಎರಡು ಪ್ರಾರ್ಥನೆ ಮಾಡುತ್ತಾರೆ. ಮೊದಲನೆಯದು ದಾರಿ ತಪ್ಪಿದವರಿಗೆ, ಎರಡನೆಯದು ರೋಗಿಗಳಿಗೆ. ಪ್ರಭುದಾಸನ ಹೆಸರು ಇಷ್ಟು ವರ್ಷವೂ ಮೊದಲನೆಯದರಲ್ಲಿತ್ತು. ಆವತ್ತು ಆರಾಧನೆ ಮುಗಿದ ಮೇಲೆ ಅಯ್ಯನವರು ಬಾಗಿಲಲ್ಲಿ ಅವನ ಕೈ ಹಿಡಿದು, ಮುಂದಿನ ವಾರದಿಂದ ನಿನ್ನನ್ನು ರೋಗಿಗಳ ಜೊತೆ ಸೇರಿಸುತ್ತೇನೆ, ನಾವು ತಪ್ಪು ತಿಳಿದಿದ್ದೆವು ಎಂದರು. ನನಗೆ ಸಮಾಧಾನವಾಯಿತು. ಅವನಿಗೆ ಆಗಲಿಲ್ಲ.

"ಎರಡರಾಗೂ ಇರಲಿ ಬಿಡ್ರಿ, ಅಯ್ನೋರೆ. ನಡುಕ, ಫಿಟ್ಸು, ಅದು ಬ್ಯಾನಿ. ಸುಶೀಲಾಗ ಕೈ ಮಾಡಿದ್ದು ಬ್ಯಾನಿ ಅಲ್ಲ. ಅದು ನಾನು."

ಸುಶೀಲಾ ಪಕ್ಕದಲ್ಲೇ ಇದ್ದಳು. ಅವನು ಕುಡಿದು ಹೊಡೆಯುತ್ತಿದ್ದುದನ್ನು ಆಕೆ ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿದವಳಲ್ಲ, ಗೋಡೆಯಾಚೆ ಎಲ್ಲ ಕೇಳುತ್ತಿದ್ದ ನನ್ನ ಮುಂದೆಯೂ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಆಮೇಲೆ ಅಯ್ಯನವರ ಕಡೆ ತಿರುಗಿ, ಸಣ್ಣ ದನಿಯಲ್ಲಿ, ಆದರೆ ಸ್ಪಷ್ಟವಾಗಿ ಹೇಳಿದಳು.

"ಹೂಂ ರಿ. ಎರಡರಾಗೂ ಓದ್ರಿ."

ಈಗ ಪ್ರತಿ ಭಾನುವಾರ ಹಾಗೇ ಓದುತ್ತಾರೆ. ಮೊದಲನೆಯದಕ್ಕೆ ಅವನು ತಲೆ ತಗ್ಗಿಸುತ್ತಾನೆ. ಎರಡನೆಯದಕ್ಕೆ ಮಾತ್ರ ಸುಶೀಲಾ ಆಮೆನ್ ಎನ್ನುತ್ತಾಳೆ. ಮುಂದೇನೆಂದು ನನಗೆ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲವಂತೆ. ಕಳೆದ ಭಾನುವಾರ ಮೊದಲನೆಯ, ದಾರಿ ತಪ್ಪಿದವರ ಪ್ರಾರ್ಥನೆಗೂ ಸುಶೀಲಾಳ ಆಮೆನ್ ಕೇಳಿಸಿತು.